ಆಮೆಯ ಬೆನ್ನ ಮೇಲಿನ ಬರಹ

ನಾನು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. ಬೇಸಗೆಯ ರಜೆಯಲ್ಲಿ ಹಳ್ಳಿಗಳನ್ನು ಸುತ್ತಿ ಶಾಸನಗಳ ಪಡಿಯಚ್ಚು ತೆಗೆಯುವುದು ನನಗೆ ಹಿಡಿದಿದ್ದ ಹುಚ್ಚು. ಕಲ್ಲಿನ ಮೇಲೆ ಕಟ್ಟಿದ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡು ಇವುಗಳನ್ನು ನೀರು ಹಾಕಿ ಉಜ್ಜಿ ತೆಗೆದ ಹೊರತು ಅಕ್ಷರ ಕಾಣುವುದಿಲ್ಲ. ಈ ಅಭ್ಯಾಸವೇ ಮುಂದೊಂದು ದಿನ ನನ್ನನ್ನು ಒಂದು ಮೂಕಪ್ರಾಣಿಯ ಮುಂದೆ ಅಪರಾಧಿಯನ್ನಾಗಿ ನಿಲ್ಲಿಸೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಮನೆಗೆ ಆ ಪ್ರಾಣಿ ಬಂದದ್ದು ಮೊಮ್ಮಗಳ ಹುಟ್ಟುಹಬ್ಬದ ದಿನ. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಹಸುರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ತೀಡಿದಂತೆ ಒಂದು ಕೆಂಪು ಗೀಟು. ಅದೃಷ್ಟ ತರುವ ಆಮೆ ಎಂದು ಅಂಗಡಿಯವನು ಹೇಳಿದನಂತೆ. ಮಗು ಅದಕ್ಕೆ ಕೂರ್ಮಯ್ಯ ಎಂದು ಹೆಸರಿಟ್ಟಿತು. ಒಂದು ಪ್ಲಾಸ್ಟಿಕ್ ಬೇಸಿನ್, ತಳಕ್ಕೆ ನಾಲ್ಕು ಹಿಡಿ ಜಲ್ಲಿಕಲ್ಲು, ಕೊಳವೆ ಬಾವಿಯ ನೀರು, ದಿನಕ್ಕೆರಡು ಸಲ ಡಬ್ಬಿಯೊಳಗಿನ ಕಾಳು ತಿಂಡಿ. ಇಷ್ಟರಲ್ಲಿ ಕೂರ್ಮಯ್ಯನ ಸಂಸಾರ ಸಾಗುತ್ತಿದ್ದಿತು. ಬೇಸಿನ್ನನ್ನು ಇಟ್ಟದ್ದು ಊಟದ ಮನೆಯ ಕಿಟಕಿಯ ಕೆಳಗೆ. ಗಾಜಿನ ಮೂಲಕ ಬೆಳಗಿನ ಬಿಸಿಲು ಬೀಳುತ್ತದೆ, ಅದಕ್ಕೇನು ಕಡಮೆ ಎಂದು ನಾನೇ ಆ ಸ್ಥಳವನ್ನು ಆರಿಸಿದ್ದೆ.

ಒಂದೂವರೆ ವರ್ಷ ಕಳೆಯಿತು. ಕೂರ್ಮಯ್ಯ ಅಂಗೈಯಗಲ ಬೆಳೆದ. ಆಗ ಒಂದು ದಿನ ಮೊಮ್ಮಗಳು ಓಡಿ ಬಂದು, "ತಾತ, ಕೂರ್ಮಯ್ಯನಿಗೆ ಬಿಳೀ ಕಲೆ ಬಂದಿದೆ" ಎಂದಳು. ನೋಡಿದೆ. ಬೆನ್ನ ಮೇಲೆ ಅಲ್ಲಲ್ಲಿ ಸುಣ್ಣ ಬಳಿದಂತೆ ಬಿಳುಪು. ಅಂಚಿನಲ್ಲಿ ಹಸುರು ಪಾಚಿ. ಪಕ್ಕದ ಮನೆಯ ಅಜ್ಜಿ ಕೊಬ್ಬರಿ ಎಣ್ಣೆ ಸವರಲು ಹೇಳಿದರು. ಅಂಗಡಿಯವನು, "ಬಣ್ಣ ಬದಲಾಗೋದು ಸಹಜ ಸ್ವಾಮಿ, ಏನೂ ಆಗೋಲ್ಲ" ಎಂದನು. ನಾನು ಮಾತ್ರ ನನ್ನ ಶಾಸನವಿದ್ಯೆಯನ್ನು ಪ್ರಯೋಗಿಸಿದೆ. ತೆಂಗಿನ ನಾರಿನ ಬ್ರಷ್ಷು ಹಿಡಿದು, ನೀರು ಹಾಕಿ, ಚೆನ್ನಾಗಿ ಉಜ್ಜಿದೆ. ಬಿಳುಪು ಹೋಯಿತು. ಒಣಗಿದ ಮೇಲೆ ಮತ್ತೆ ಬಂತು. ಮತ್ತೆ ಉಜ್ಜಿದೆ. ಮಗುಚಿ ಹಾಕಿ ಹೊಟ್ಟೆಯ ಕಡೆಗೂ ಒಂದೆರಡು ಸಲ ಬ್ರಷ್ಷು ಆಡಿಸಿದೆ. ಅಲ್ಲಿ ತಿಳಿಗುಲಾಬಿ ಬಣ್ಣವೊಂದು ಕಾಣಿಸಿತು. "ನೋಡು, ಹೇಗೆ ಬಣ್ಣ ಬಂದಿದೆ, ಮೈ ತುಂಬಿಕೊಳ್ಳುತ್ತಿದ್ದಾನೆ" ಎಂದು ಮಗುವಿಗೆ ತೋರಿಸಿಯೂ ಬಿಟ್ಟೆ.

ಹತ್ತು ದಿನದಲ್ಲಿ ಕೂರ್ಮಯ್ಯ ತಿಂಡಿ ಬಿಟ್ಟ. ಸೊಸೆ ಅದನ್ನು ಒಂದು ಡಬ್ಬಿಯಲ್ಲಿಟ್ಟುಕೊಂಡು, "ಮಾವ, ನೀವೂ ಬನ್ನಿ" ಎಂದು ನನ್ನನ್ನೂ ಕೂರಿಸಿಕೊಂಡು ಪಶುವೈದ್ಯರ ಬಳಿಗೆ ಹೋದಳು. ವೈದ್ಯರು ಬೆನ್ನಿನ ಬಿಳುಪನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ ಬಿಟ್ಟರು. ಅವರು ಬಹಳ ಹೊತ್ತು ನೋಡಿದ್ದು ಹೊಟ್ಟೆಯ ಕಡೆಯ ಗುಲಾಬಿ ಬಣ್ಣವನ್ನು. ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳಿ ಇದ್ದಿತು. ಅದರ ಬಳಿ ಮೂಗು ಕೊಂಡೊಯ್ದು ವಾಸನೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಸಾರ್, ಬೆನ್ನ ಮೇಲಿರುವುದು ನಿಮ್ಮ ಬಾವಿ ನೀರಿನ ಸುಣ್ಣ. ಅದರಿಂದ ತೊಂದರೆ ಇಲ್ಲ. ಈ ಗುಲಾಬಿ ಬಣ್ಣವೇ ರೋಗ. ಚಿಪ್ಪಿನ ಒಳಗೆ ರಕ್ತ ಕೆಟ್ಟಿದೆ" ಎಂದರು. ನಾನು ಬ್ರಷ್ಷಿನ ವಿಷಯ ಹೇಳಿದೆ. ಅವರು ಏನೂ ಅನ್ನಲಿಲ್ಲ. ದೀಪ ಇದೆಯೇ, ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತೀರಿ, ಏನು ತಿನ್ನಿಸುತ್ತೀರಿ, ತಳದಲ್ಲಿ ಕಲ್ಲು ಎಂಥದು ಎಂದು ಒಂದೊಂದಾಗಿ ಕೇಳಿದರು. ಆಮೆಯ ರೋಗವನ್ನು ಪರೀಕ್ಷಿಸುತ್ತಿದ್ದಾರೋ ನಮ್ಮ ಮನೆಯನ್ನು ಪರೀಕ್ಷಿಸುತ್ತಿದ್ದಾರೋ ಎಂದು ನನಗೆ ತೋರಿತು.

ಕಲ್ಲಿನ ಮೇಲೆ ಸವೆದುಹೋದ ಅಕ್ಷರವನ್ನು ಬಿಡಿಸಿ ಓದಬಲ್ಲೆನೆಂಬ ಅಭಿಮಾನ ನನಗಿದ್ದಿತು. ಅಂಗೈಯಗಲದ ಚಿಪ್ಪಿನ ಮೇಲೆ ಬರೆದುದನ್ನು ನಾನು ತಲೆಕೆಳಗಾಗಿ ಓದಿದ್ದೆ. ಈ ಓದನ್ನು ಮನುಷ್ಯರು ಯಾವಾಗ, ಹೇಗೆ ಕಲಿತರು ಎಂದು ಹುಡುಕಿಕೊಂಡು ಹೋದೆ. ಹಾಗೆ ಹುಡುಕಿದಾಗ ಸಿಕ್ಕ ಕಥೆ ಇದು.

*

ಆಮೆಯ ಚಿಪ್ಪೆಂದರೆ ಅದು ಹೊತ್ತು ತಿರುಗುವ ಮನೆ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ಕೂತ ಕಲ್ಪನೆ. ಮನೆಯ ಗೋಡೆಗೆ ಬಣ್ಣ ಬಳಿಯಬಹುದು, ಉಜ್ಜಬಹುದು, ಎಣ್ಣೆ ಹಚ್ಚಬಹುದು. ಒಳಗಿರುವವನಿಗೆ ಏನೂ ಆಗದು. ಈ ಕಲ್ಪನೆಯನ್ನು ಬುಡಸಹಿತ ಕಿತ್ತವರಲ್ಲಿ ಪ್ರಮುಖನೆಂದರೆ ಲುಡ್ವಿಗ್ ಬೊಯಾನುಸ್. ಆತ ವಿಲ್ನಿಯಸ್ ವಿಶ್ವವಿದ್ಯಾನಿಲಯದಲ್ಲಿ ಪಶುವೈದ್ಯದ ಪ್ರಾಧ್ಯಾಪಕನಾಗಿದ್ದವನು. ಯೂರೋಪಿನ ಕೊಳಗಳಲ್ಲಿ ವಾಸಿಸುವ ಒಂದು ಜಾತಿಯ ನೀರಾಮೆಯನ್ನು ಹಿಡಿದು, ಅದರ ಒಂದೊಂದು ಎಲುಬು, ಒಂದೊಂದು ಸ್ನಾಯು, ನರ, ರಕ್ತನಾಳವನ್ನೂ ಬಿಡಿಸಿ ಚಿತ್ರಿಸಿ, 1819ರಿಂದ 1821ರ ಅವಧಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಇಂದಿಗೂ ಆಮೆಯ ಅಂಗರಚನೆಯನ್ನು ಕಲಿಯುವವರು ಆ ಚಿತ್ರಗಳನ್ನು ತೆರೆದು ನೋಡುತ್ತಾರೆ.

ಆ ಚಿತ್ರಗಳನ್ನು ನೋಡಿದವನಿಗೆ ಚಿಪ್ಪು ಮನೆಯಾಗಿ ಉಳಿಯುವುದಿಲ್ಲ. ಆಮೆಯ ಬೆನ್ನುಮೂಳೆ ಮೇಲ್ಚಿಪ್ಪಿಗೆ ಬೆಸೆದುಕೊಂಡಿದೆ. ಪಕ್ಕೆಲುಬುಗಳು ಅಗಲವಾಗಿ ಹರಡಿ ಹಲಗೆಗಳಾಗಿ ಕೂಡಿಕೊಂಡಿವೆ. ನಾವು ಚಿಪ್ಪಿನಿಂದ ಆಮೆಯನ್ನು ಹೊರತೆಗೆಯುತ್ತೇವೆಂದರೆ, ಒಬ್ಬ ಮನುಷ್ಯನನ್ನು ಅವನ ಪಕ್ಕೆಲುಬುಗಳಿಂದ ಹೊರತೆಗೆಯುತ್ತೇವೆಂದಂತೆ. ಸುಮಾರು ಐವತ್ತು ಎಲುಬುಗಳು ಕೂಡಿ ಆದ ಈ ಕವಚದ ಮೇಲೆ ತೆಳ್ಳನೆಯ ಚರ್ಮ. ಅದರ ಮೇಲೆ ನಮ್ಮ ಉಗುರಿನ ದ್ರವ್ಯದಿಂದಲೇ ಆದ ಬಿಲ್ಲೆಗಳು. ಬೆನ್ನಿನ ಮೇಲೆ ಸಾಮಾನ್ಯವಾಗಿ 38, ಹೊಟ್ಟೆಯ ಕಡೆ 12. ಎಲುಬಿಗೂ ಬಿಲ್ಲೆಗೂ ನಡುವೆ ರಕ್ತ ಹರಿಯುತ್ತದೆ, ನರಗಳು ಹಬ್ಬಿವೆ.

ಇಷ್ಟು ತಿಳಿದರೆ ಬಣ್ಣವನ್ನು ಓದುವ ಮೊದಲ ಸೂತ್ರ ತಾನಾಗಿ ಸಿಗುತ್ತದೆ. ಕಂಡ ಬಣ್ಣ ಯಾವ ಪದರದಲ್ಲಿದೆ? ಬಿಲ್ಲೆಯ ಮೇಲೆಯೇ, ಬಿಲ್ಲೆಯಲ್ಲಿಯೇ, ಬಿಲ್ಲೆಯ ಅಡಿಯಲ್ಲಿಯೇ? ಮೇಲಿನದು ನೀರು ಬರೆದದ್ದು. ನಡುವಿನದು ಬೆಳವಣಿಗೆ ಬರೆದದ್ದು. ಅಡಿಯದು ರಕ್ತ ಬರೆದದ್ದು. ನಾನು ಮೇಲಿನ ಬರಹಕ್ಕೆ ಹೆದರಿ ಅಡಿಯ ಬರಹವನ್ನು ಶುಭವೆಂದು ಓದಿದ್ದೆ.

*

ಮೇಲಿನ ಬರಹದ ಇತಿಹಾಸ ಹೆದರಿಸುವಂಥದಲ್ಲ, ಮೆಚ್ಚಿಸುವಂಥದು. ಜಪಾನಿನ ಹಳೆಯ ಚಿತ್ರಗಳಲ್ಲಿ, ಅರಗಿನ ಪೆಟ್ಟಿಗೆಗಳ ಮೇಲೆ, ಒಂದು ವಿಚಿತ್ರ ಆಮೆ ಕಾಣಸಿಗುತ್ತದೆ. ಅದರ ಬೆನ್ನ ಹಿಂದೆ ಉದ್ದನೆಯ ಹಸುರು ಬಾಲ ಹರಡಿಕೊಂಡಿರುತ್ತದೆ. ಅದನ್ನು ಅವರು ಮಿನೊಗಾಮೆ ಎನ್ನುತ್ತಾರೆ. ಮಿನೊ ಎಂದರೆ ರೈತರು ಮಳೆಗೆ ಹೊದೆಯುವ ಹುಲ್ಲಿನ ಹೊದಿಕೆ. ನಮ್ಮ ಮಲೆನಾಡಿನ ಗೊರಬನ್ನು ನೆನೆದರೆ ಸಾಕು. ಗೊರಬು ಹೊದ್ದ ಆಮೆ ದೀರ್ಘಾಯುಷ್ಯದ ಸಂಕೇತ. ಆ ಬಾಲ ಮತ್ತೇನಲ್ಲ, ವರ್ಷಗಟ್ಟಲೆ ಚಿಪ್ಪಿನ ಮೇಲೆ ಬೆಳೆದ ಪಾಚಿ. ಚೀನದಲ್ಲಿಯೂ ಇಂಥ ಹಸುರು ಕೂದಲಿನ ಆಮೆಗಳನ್ನು ಬೇಕೆಂದೇ ಬೆಳೆಸಿ ಬೆಲೆ ಕಟ್ಟುತ್ತಿದ್ದರು. ನಾನು ರೋಗವೆಂದು ಉಜ್ಜಿದ್ದನ್ನು ಒಂದು ನಾಡು ಆಯುಷ್ಯವೆಂದು ಪೂಜಿಸಿತ್ತು!

ವಿಜ್ಞಾನಿಗಳು ಈ ಪಾಚಿಗೆ ಹೆಸರಿಟ್ಟದ್ದು ತಡವಾಗಿ. 1930ರಲ್ಲಿ ಹಾಫ್‌ಮನ್ ಮತ್ತು ಜೋಸೆಫಿನ್ ಟಿಲ್ಡನ್ ಎಂಬಿಬ್ಬರು ಆಮೆಗಳ ಬೆನ್ನನ್ನೇ ನೆಲೆ ಮಾಡಿಕೊಂಡ ಪಾಚಿಗಳನ್ನು ಬೇರೆಯಾಗಿ ಗುರುತಿಸಿ ಬೇಸಿಕ್ಲೇಡಿಯ ಎಂಬ ಹೊಸ ಕುಲವನ್ನು ವರ್ಣಿಸಿದರು. ಬುಡ ಗಟ್ಟಿಯಾಗಿ ಚಿಪ್ಪನ್ನು ಕಚ್ಚಿ ಹಿಡಿಯುವುದು ಅದರ ಲಕ್ಷಣ. ಸಾಮಾನ್ಯವಾಗಿ ಅದರಿಂದ ಆಮೆಗೆ ಕೆಡುಕಿಲ್ಲ. ಮೆತ್ತನೆಯ ಬಟ್ಟೆಯಿಂದ ಒರಸಿದಾಗ ಅದರ ಅಡಿಯಲ್ಲಿ ಚಿಪ್ಪು ನುಣುಪಾಗಿ, ಗಟ್ಟಿಯಾಗಿ ಇದ್ದರೆ ಚಿಂತಿಸಬೇಕಾದದ್ದಿಲ್ಲ.

ಬಿಳುಪಿನಲ್ಲಿ ಎರಡು ಮೂರು ಬಗೆ. ಗಡಸು ನೀರಿನ ಸುಣ್ಣ ಒದ್ದೆಯಿದ್ದಾಗ ಮಾಯವಾಗಿ ಒಣಗಿದಾಗ ಕಾಣಿಸಿಕೊಳ್ಳುತ್ತದೆ. ನಮ್ಮ ಹಂಡೆಯ ಒಳಮೈಯಲ್ಲಿ ಕಟ್ಟುವುದೂ ಅದೇ. ಇನ್ನೊಂದು, ಬಿಲ್ಲೆ ಕಳಚುವ ಕಾಲದ ಬಿಳುಪು. ನೀರಾಮೆ ಬೆಳೆಯುತ್ತ ಹಳೆಯ ಬಿಲ್ಲೆಯ ಮೇಲ್ಪದರವನ್ನು ಕಳಚುತ್ತದೆ. ಕಳಚುವ ಮೊದಲು ಪದರದ ಅಡಿಗೆ ಗಾಳಿ ಸೇರಿ ಬೆಳ್ಳಿಯಂತೆ ಮಿನುಗುತ್ತದೆ. ಆಮೇಲೆ ತೆಳ್ಳನೆಯ ಬಿಲ್ಲೆ ಇಡಿಯಾಗಿ ನೀರಿನಲ್ಲಿ ತೇಲುತ್ತದೆ. ಮೂರನೆಯದು, ನೀರಿನಲ್ಲಿರುವಾಗಲೇ ಹತ್ತಿಯ ಎಳೆಯಂತೆ ನಿಲ್ಲುವ ಬಿಳುಪು. ಅದು ಬೂಷ್ಟು, ವೈದ್ಯರಿಗೆ ತೋರಿಸತಕ್ಕದ್ದು. ಇನ್ನು ಕಪ್ಪಾಗುವುದು ಕೆಲವು ಸಲ ಬರಿಯ ವಯಸ್ಸು. ಮರಿಯಲ್ಲಿ ಎಳೆಹಸುರಾಗಿದ್ದ ಈ ಜಾತಿಯ ಚಿಪ್ಪು ವರ್ಷ ಕಳೆದಂತೆ ಕಂದುತ್ತದೆ; ಮುದಿ ಗಂಡುಗಳು ಪೂರ್ತಿ ಕಪ್ಪಾಗುವುದೂ ಉಂಟು. ನಮಗೆ ಕೂದಲು ನೆರೆತರೆ, ಪಾಪ, ಅವಕ್ಕೆ ಕೆಂಪು ಗೀಟೂ ಮಾಸುತ್ತದೆ.

*

ಈಗ ನಡುವಿನ ಪದರದ ಕಥೆ. ಇಲ್ಲಿಂದ ಮುಂದೆ ಇತಿಹಾಸ ಅಷ್ಟು ಹಿತವಾಗಿಲ್ಲ.

ಫ್ರೆಂಚ್ ಲೇಖಕ ಹ್ಯುಯ್ಸ್‌ಮಾನ್ಸ್ 1884ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯಲ್ಲಿ, ಶ್ರೀಮಂತ ನಾಯಕನೊಬ್ಬ ತನ್ನ ರತ್ನಗಂಬಳಿಯ ಬಣ್ಣಕ್ಕೆ ಮೆರುಗು ಬರಲೆಂದು ಒಂದು ಆಮೆಯ ಬೆನ್ನಿಗೆ ಚಿನ್ನದ ಲೇಪ ಕೊಡಿಸಿ, ರತ್ನಗಳನ್ನು ಕೂರಿಸುತ್ತಾನೆ. ಆಮೆ ಆ ವೈಭವವನ್ನು ತಾಳಲಾರದೆ ಸತ್ತುಹೋಗುತ್ತದೆ. ಇದು ಕಲ್ಪನೆ. ಆದರೆ ಅರ್ಧ ಶತಮಾನದೊಳಗೆ ಇದೇ ಕೆಲಸ, ಚಿನ್ನದ ಬದಲು ಅಗ್ಗದ ಎನಾಮೆಲ್ ಬಣ್ಣದಿಂದ, ಅಮೆರಿಕದಲ್ಲಿ ಲಕ್ಷಗಟ್ಟಲೆ ಮರಿಗಳ ಮೇಲೆ ನಡೆಯಿತು.

ನಮ್ಮ ಕೂರ್ಮಯ್ಯನ ಕುಲದ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು. 1832ರಿಂದ 1834ರವರೆಗೆ ಆ ಖಂಡದಲ್ಲಿ ಸಂಚರಿಸಿದ ಜರ್ಮನ್ ರಾಜಕುಮಾರ ಮ್ಯಾಕ್ಸಿಮಿಲಿಯನ್ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿ 'ಸೊಗಸಾದದ್ದು' ಎಂಬರ್ಥದ ಲ್ಯಾಟಿನ್ ಹೆಸರಿಟ್ಟನು. ಆ ಸೊಗಸೇ ಅದಕ್ಕೆ ಮುಳುವಾಯಿತು. 1930ರ ದಶಕದಿಂದ ಅಲ್ಲಿನ ಐದು-ಹತ್ತು ಸೆಂಟಿನ ಅಂಗಡಿಗಳಲ್ಲಿ ಇದರ ಮರಿಗಳನ್ನು ಆಟಿಕೆಗಳ ಪಕ್ಕದಲ್ಲಿಟ್ಟು ಮಾರತೊಡಗಿದರು. ಕೆಲವದರ ಬೆನ್ನಿಗೆ ಹೂವು, ಕೆಲವದರ ಬೆನ್ನಿಗೆ ಊರಿನ ಹೆಸರು. ಮನೆಗೆ ಕೊಂಡೊಯ್ಯಲು ಒಂದು ಪ್ಲಾಸ್ಟಿಕ್ ಬಟ್ಟಲು, ಅದರ ನಡುವೆ ಒಂದು ಪುಟ್ಟ ದ್ವೀಪ, ದ್ವೀಪದ ಮೇಲೆ ಪ್ಲಾಸ್ಟಿಕ್ ತಾಳೆಮರ. ಆಹಾರ ಒಣಗಿಸಿದ ನೊಣ, ಇಲ್ಲವೇ 'ಇರುವೆ ಮೊಟ್ಟೆ' ಎಂದು ಮಾರುತ್ತಿದ್ದ ಒಣಗಿದ ಇರುವೆಕೋಶ. ತಾಳೆಮರವೊಂದನ್ನು ಬಿಟ್ಟರೆ ನಮ್ಮ ಬೇಸಿನ್ನಿನ ವೈಭವವೂ ಅಷ್ಟೇ ಆಗಿದ್ದಿತೆಂದು ಓದುಗರು ಗಮನಿಸಿರಬಹುದು.

ಬಣ್ಣ ಬಳಿದ ಬಿಲ್ಲೆ ಬೆಳೆಯಲಾರದು, ಕಳಚಲಾರದು. ಒಳಗಿನ ಎಲುಬು ಬೆಳೆಯುತ್ತದೆ, ಮೇಲಿನ ಲೇಪ ಬಿಗಿಯುತ್ತದೆ, ಚಿಪ್ಪು ಸೊಟ್ಟಗಾಗುತ್ತದೆ. ಬಣ್ಣ ಬಳಿಯದ ಮರಿಗಳ ಗತಿಯೂ ಬೇರೆಯಾಗಲಿಲ್ಲ. ಕೆಲವು ತಿಂಗಳಲ್ಲಿ ಚಿಪ್ಪು ಕಳೆಗುಂದಿ, ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿ, ಕಣ್ಣು ಊದಿಕೊಂಡು ಮರಿ ಸಾಯುತ್ತಿದ್ದಿತು. ಮಕ್ಕಳು ಅದನ್ನು ಹಿತ್ತಲಲ್ಲಿ ಹೂಳುತ್ತಿದ್ದರು. ತಂದೆತಾಯಿ ಇನ್ನೊಂದನ್ನು ತಂದುಕೊಡುತ್ತಿದ್ದರು. ಆಮೆಯೆಂದರೆ ಹೀಗೆಯೇ, ಮೂರು ತಿಂಗಳು ಬಾಳುವ ವಸ್ತು ಎಂದು ಜನ ನಂಬಿದ್ದರು. ಸರಿಯಾಗಿ ಸಾಕಿದರೆ ಅದು ಇಪ್ಪತ್ತು, ಮೂವತ್ತು ವರ್ಷ ಬಾಳುವ ಜೀವಿ!

ಇದಕ್ಕೆ ಕಾರಣ ತಿಳಿದಿರಲಿಲ್ಲವೇ? ತಿಳಿದಿದ್ದಿತು. ಅದೇ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಲಂಡನ್ನಿನ ಮೃಗಾಲಯದಲ್ಲಿ ಹುಟ್ಟಿದ ಸಿಂಹದ ಮರಿಗಳು ಕಾಲು ಸೊಟ್ಟಗಾಗಿ ಸಾಯುತ್ತಿದ್ದವು. ಎಲುಬಿಲ್ಲದ ಬರಿಯ ಮಾಂಸ ಅವುಗಳ ಆಹಾರ. 1889ರಲ್ಲಿ ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟ್ಟನ್‌ನ ಸಲಹೆಯಂತೆ ಪುಡಿ ಮಾಡಿದ ಎಲುಬು, ಹಾಲು, ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟುದರಿಂದ ಮರಿಗಳು ಚೇತರಿಸಿಕೊಂಡವು. ಅದು ರಿಕೆಟ್ಸ್ ಎಂಬ ರೋಗ. ಹೊಗೆ ಕವಿದ ಊರುಗಳ ಬಡಮಕ್ಕಳಿಗೂ ಅದೇ ಬರುತ್ತಿದ್ದಿತು. 1919ರಲ್ಲಿ ಇಂಗ್ಲೆಂಡಿನ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಆಹಾರದ ಕೊರತೆಯನ್ನು ತೋರಿಸಿದನು. ಅದೇ ವರ್ಷ ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯನು ಸ್ಫಟಿಕ ಶಿಲೆಯ ದೀಪದಿಂದ ಹೊರಡುವ ನೇರಳಾತೀತ ಕಿರಣಗಳನ್ನು ಮಕ್ಕಳ ಮೈಮೇಲೆ ಬಿಟ್ಟು ಎಲುಬು ಗಟ್ಟಿಯಾಗುವುದನ್ನು ಕಂಡನು. ಎಣ್ಣೆಯೂ ಬೆಳಕೂ ಒಂದೇ ಬಾಗಿಲಿನ ಎರಡು ಕೀಲಿಕೈಗಳು. 1922ರಲ್ಲಿ ಮೆಕಾಲಮ್ ಆ ದ್ರವ್ಯಕ್ಕೆ 'ಡಿ' ಜೀವಸತ್ವವೆಂದು ಹೆಸರಿಟ್ಟನು. ಅದಿಲ್ಲದೆ ತಿಂದ ಸುಣ್ಣದಂಶ ಎಲುಬಿಗೆ ಸೇರುವುದಿಲ್ಲ. ಅದು ಬಿಸಿಲು ಬಿದ್ದ ಚರ್ಮದಲ್ಲಿ ಹುಟ್ಟುತ್ತದೆ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ.

ಕಿಟಕಿಯ ಗಾಜು! ಆ ವಾಕ್ಯವನ್ನು ಓದಿದಾಗ ನಾನು ಎದ್ದು ಊಟದ ಮನೆಗೆ ಹೋಗಿ ಬೇಸಿನ್ನಿದ್ದ ಜಾಗವನ್ನು ಒಮ್ಮೆ ನೋಡಿ ಬಂದೆ. ಒಂದೂವರೆ ವರ್ಷ ನಾನು ಕೂರ್ಮಯ್ಯನಿಗೆ ಬೆಳಕು ತೋರಿಸಿದ್ದೆ, ಬಿಸಿಲು ಕೊಟ್ಟಿರಲಿಲ್ಲ.

ಚಿಪ್ಪೆಂದರೆ ಎಲುಬು ಎಂದು 1821ರಲ್ಲಿ ಗೊತ್ತಿತ್ತು. ಎಲುಬಿಗೆ ಬಿಸಿಲು ಬೇಕು ಎಂದು 1919ರಲ್ಲಿ ಗೊತ್ತಾಯಿತು. ಈ ಎರಡು ಮಾತುಗಳನ್ನು ಜೋಡಿಸಿ ನೋಡಲು ಆಮೆ ಮಾರುವವನಿಗೂ ಕೊಳ್ಳುವವನಿಗೂ ಇನ್ನೂ ಎಷ್ಟೋ ದಶಕ ಬೇಕಾಯಿತು. ಜ್ಞಾನ ಗ್ರಂಥದಲ್ಲಿ ಇದ್ದಿತು, ಬಟ್ಟಲಿಗೆ ಇಳಿದಿರಲಿಲ್ಲ.

*

ಅಡಿಯ ಪದರದ ಬರಹವನ್ನು, ಎಂದರೆ ರಕ್ತದ ಬರಹವನ್ನು, ಮೊದಲು ಗಮನವಿಟ್ಟು ಓದಿದ್ದು ಪ್ರಯೋಗಶಾಲೆಗಳಲ್ಲಿ. ಶರೀರಶಾಸ್ತ್ರದ ಪಾಠಕ್ಕಾಗಿ ಕೂಡಿಹಾಕಿದ ಆಮೆಗಳು ಗುಂಪುಗುಂಪಾಗಿ ಸಾಯುತ್ತಿದ್ದವು. 1957ರಲ್ಲಿ ಕ್ಯಾಪ್ಲನ್ ಎಂಬ ಅಮೆರಿಕದ ವಿಜ್ಞಾನಿ ಈ ರೋಗವನ್ನು ವರ್ಣಿಸಿ ಹೆಸರು ಕೊಟ್ಟನು. ಹೆಸರು ಉದ್ದ, ಸಾರಾಂಶವೇನೆಂದರೆ, ಚರ್ಮ ಚಿಪ್ಪುಗಳಲ್ಲಿ ಹುಣ್ಣಾಗಿ ರಕ್ತಕ್ಕೆ ನಂಜೇರುವುದು. ಮೈಮೇಲಿನ ಸಣ್ಣ ಗೀರಿನ ಮೂಲಕ ಕೊಳಕು ನೀರಿನ ರೋಗಾಣು ಒಳಹೊಗುತ್ತದೆ. ಚಿಪ್ಪಿನಲ್ಲಿ ಗುಳಿ ಬೀಳುತ್ತದೆ. ಬಿಲ್ಲೆಯ ಅಡಿಯಲ್ಲಿ ರಕ್ತ ಕಲೆಗಟ್ಟುತ್ತದೆ. ಪ್ರಾಣಿ ಮಂಕಾಗಿ ಅನ್ನ ಬಿಡುತ್ತದೆ. ಕೊನೆಗೆ ಕಾಲು ಸ್ವಾಧೀನ ತಪ್ಪುತ್ತದೆ. ಆದುದರಿಂದ ನೀರಾಮೆಯ ಹೊಟ್ಟೆಯ ಕಡೆ ಹೊಸದಾಗಿ ಕಂಡ ಗುಲಾಬಿ ಅಥವಾ ಕೆಂಪು ಬಣ್ಣವನ್ನು ಒಂದು ದಿನವೂ ಉಪೇಕ್ಷಿಸತಕ್ಕದ್ದಲ್ಲ. ಗುಳಿ, ಮೆತ್ತನೆಯ ಜಾಗ, ಕೆಟ್ಟ ವಾಸನೆ, ಬಿಲ್ಲೆಯ ಅಡಿಯಿಂದ ಒಸರುವ ನೀರು ಇವು ಅದರ ಸಂಗಾತಿಗಳು.

ಕೂರ್ಮಯ್ಯನ ಹೊಟ್ಟೆಯ ಗೀರು ಜಲ್ಲಿಕಲ್ಲಿನದೋ ನನ್ನ ಬ್ರಷ್ಷಿನದೋ ಎಂದು ವೈದ್ಯರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

*

ಆಮೆಗಳ ಈ ದುಃಸ್ಥಿತಿಗೆ ಕಡೆಗೆ ಕಾನೂನಿನ ಕಣ್ಣು ಬಿದ್ದಿತು. ಆದರೆ ಅದು ಆಮೆಗಾಗಿ ಅಲ್ಲ. ಹೊರನೋಟಕ್ಕೆ ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲ ಎಂಬ ರೋಗಾಣುವನ್ನು ಹೊಟ್ಟೆಯಲ್ಲಿ ಹೊತ್ತಿರಬಲ್ಲದು. ಮಕ್ಕಳಲ್ಲಿ ವಾಂತಿ, ಭೇದಿ, ಜ್ವರಕ್ಕೆ ಮನೆಯ ಆಮೆಯೇ ಕಾರಣವಾದ ಪ್ರಸಂಗಗಳು 1960ರ ದಶಕದ ಆದಿಯಿಂದ ವೈದ್ಯಪತ್ರಿಕೆಗಳಲ್ಲಿ ಕಾಣಿಸತೊಡಗಿದವು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಮರಿಗಳು ಮಾರಾಟವಾಗುತ್ತಿದ್ದವೆಂದೂ, ಅವುಗಳಿಂದ ವರ್ಷಕ್ಕೆ ಸುಮಾರು 2,80,000 ಮಂದಿಗೆ ಆ ರೋಗ ತಗಲುತ್ತಿದ್ದಿತೆಂದೂ ಅಂದಾಜು. ರೋಗವಿಲ್ಲವೆಂದು ಪ್ರಮಾಣಪತ್ರ ಪಡೆದು ಮಾರಬೇಕೆಂಬ ನಿಯಮ 1972ರಲ್ಲಿ ಬಂದು ಫಲಿಸಲಿಲ್ಲ. 1975ರಲ್ಲಿ, ಮೇಲ್ಚಿಪ್ಪು ನಾಲ್ಕು ಅಂಗುಲಕ್ಕಿಂತ ಚಿಕ್ಕದಾದ ಆಮೆಯನ್ನು ಸಾಕಲೆಂದು ಮಾರಕೂಡದೆಂದು ಅಲ್ಲಿನ ಸರ್ಕಾರ ಕಟ್ಟಳೆ ಮಾಡಿತು. ಅಷ್ಟು ದೊಡ್ಡದನ್ನು ಮಗು ಬಾಯಿಗೆ ಹಾಕಿಕೊಳ್ಳಲಾರದೆಂಬುದು ತರ್ಕ.

ಆದರೆ ಲೂಯಿಸಿಯಾನದ ಆಮೆ ತೋಟಗಳು ಮುಚ್ಚಲಿಲ್ಲ. ಸ್ವದೇಶದಲ್ಲಿ ಮಾರಬಾರದ ಸರಕು ಪರದೇಶಗಳಿಗೆ ಹೊರಟಿತು. 1989ರಿಂದ 1997ರವರೆಗೆ ಅಮೆರಿಕದಿಂದ ಹೊರಹೋದ ಈ ಆಮೆಗಳ ಸಂಖ್ಯೆ 5 ಕೋಟಿ 20 ಲಕ್ಷವನ್ನು ಮೀರಿತು. 1997ರಲ್ಲಿ ಯೂರೋಪಿನ ಒಕ್ಕೂಟ ಆಮದನ್ನು ನಿಷೇಧಿಸಿತು. ಆ ವೇಳೆಗೆ ಅಲ್ಲಿನ ಕೊಳಗಳಲ್ಲಿ, ಬೊಯಾನುಸ್ ಅಭ್ಯಾಸ ಮಾಡಿದ ಅದೇ ಸ್ಥಳೀಯ ಆಮೆಯ ಬಿಸಿಲು ಕಾಯುವ ಜಾಗವನ್ನು ಈ ಪರದೇಶಿ ಆಕ್ರಮಿಸತೊಡಗಿತ್ತು. ಲೋಕದ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿತು. ಪಾಪ, ಅದೇನು ದಂಡೆತ್ತಿ ಹೋದದ್ದಲ್ಲ; ಬೇಸತ್ತವರು ತಂದು ಬಿಟ್ಟದ್ದು.

ನಮ್ಮ ದೇಶಕ್ಕೂ ಹೀಗೆಯೇ ಬಂದಿತು. ನಮ್ಮ ನಾಡಿನ ಆಮೆಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಪರದೇಶಿಯ ಮೇಲೆ ಆ ಕಟ್ಟು ಇರಲಿಲ್ಲವಾಗಿ, ಅಂಗಡಿಗಳಲ್ಲಿ ಕೆಂಪುಗೀಟಿನ ಮರಿಗಳು ತುಂಬಿದವು. ಅವು ಬೆಳೆದು ಬೇಸಿನ್ನು ಸಾಲದಾದಾಗ, ಅಥವಾ ಚಿಪ್ಪಿನ ಬಣ್ಣ ಕೆಟ್ಟು ನೋಡಲು ಅಂದವಿಲ್ಲದಾದಾಗ, ಜನ ಪುಣ್ಯವೆಂದು ಬಗೆದು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಕೈಮುಗಿಯುತ್ತಾರೆ. ಅದು ಪುಣ್ಯವಲ್ಲ. ನಮ್ಮ ಕೆರೆಯ ಕರಿಯಾಮೆಗೆ ಅದರಿಂದ ಬಿಸಿಲ ಜಾಗವೂ ಆಹಾರವೂ ತಪ್ಪುತ್ತದೆ. ಮನೆಯ ರೋಗ ಕೆರೆಗೆ ಹೋಗುತ್ತದೆ. ತಂದವರು ಅದರ ಆಯುಷ್ಯವಿರುವ ತನಕ ಸಾಕತಕ್ಕದ್ದು. ಅಷ್ಟು ಧೈರ್ಯವಿಲ್ಲದವರು ತರದಿರುವುದು ಲೇಸು.

*

ಕೂರ್ಮಯ್ಯ ಬದುಕಿಕೊಂಡ. ವೈದ್ಯರು ಗುಳಿಯನ್ನು ಕೆರೆದು ಔಷಧ ಹಾಕಿದರು. ಕೆಲವು ದಿನ ಸೂಜಿಮದ್ದು ಕೊಟ್ಟರು. ದಿನದ ಬಹುಪಾಲು ನೀರಿನಿಂದ ಹೊರಗೆ, ಬೆಚ್ಚಗೆ, ಒಣಗಿದ ಬಟ್ಟೆಯ ಮೇಲೆ ಇಡಬೇಕೆಂದರು. ಬೇಸಿನ್ನು ಹೋಗಿ ದೊಡ್ಡ ತೊಟ್ಟಿ ಬಂತು. ಜಲ್ಲಿ ಹೋಗಿ ನುಣುಪಾದ ಹೊಳೆಗಲ್ಲು ಬಂತು. ನೀರು ಸೋಸುವ ಯಂತ್ರ, ಮೈ ಕಾಯಿಸಿಕೊಳ್ಳಲು ಒಂದು ಹಲಗೆ, ಅದರ ಮೇಲೆ ನೇರಳಾತೀತ ಕಿರಣದ ದೀಪ; ಸಂಜೆ ಅರ್ಧ ಗಂಟೆ ಮಾಳಿಗೆಯ ಮೇಲೆ, ಪಕ್ಕದಲ್ಲಿ ನೆರಳೂ ಇರುವಂತೆ, ನಿಜವಾದ ಬಿಸಿಲು. ಡಬ್ಬಿಯ ಕಾಳಿನ ಜೊತೆಗೆ ಸೊಪ್ಪು, ಸುಣ್ಣದಂಶಕ್ಕೆ ಕಟಲ್ ಮೀನಿನ ಎಲುಬು. ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಬೇಕೆಂಬ ಶಾಸನವನ್ನು ಮೊಮ್ಮಗಳೇ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಚಿಪ್ಪಿನ ಗಾಯ ಬಹಳ ನಿಧಾನವಾಗಿ ಮಾಯುತ್ತದೆ. ತಿಂಗಳುಗಳೇ ಕಳೆದವು. ಗುಲಾಬಿ ಬಣ್ಣ ಮೊದಲು ಇಳಿಯಿತು. ಗುಳಿ ಆಮೇಲೆ ತುಂಬಿತು. ಈಗ ಅಲ್ಲೊಂದು ಮಸಕು ಕಲೆ ಉಳಿದಿದೆ. ಅದು ಹೋಗುವಂತೆ ಕಾಣುವುದಿಲ್ಲ. ಶಾಸನದ ಕಲ್ಲಿನಲ್ಲಿ ಒಂದು ಅಕ್ಷರ ಒಡೆದ ಜಾಗವಿದ್ದಂತೆ ಅದು ಇದೆ. ಒಡೆದವರು ಯಾರೆಂದು ನನಗೆ ಗೊತ್ತು.

ಮೊನ್ನೆ ಮೊಮ್ಮಗಳು ಕೇಳಿದಳು: "ತಾತ, ನೀನು ಬ್ರಷ್ಷಿನಲ್ಲಿ ಉಜ್ಜಿದೆಯಲ್ಲ, ಅವನಿಗೆ ಗೊತ್ತಾಗ್ತಿತ್ತಾ?"

ಬೊಯಾನುಸ್ ಬರೆದ ನರಗಳನ್ನು ನೆನೆದು, "ಗೊತ್ತಾಗ್ತಿತ್ತಮ್ಮ" ಎಂದೆ. ಹಾಗೆನ್ನುವಾಗ ಭಾಗವತದ ಸಮುದ್ರಮಥನ ನೆನಪಾಯಿತು. ಕೂರ್ಮರೂಪಿಯಾದ ಭಗವಂತನ ಬೆನ್ನ ಮೇಲೆ ಮಂದರಪರ್ವತ ತಿರುಗುತ್ತಿದ್ದರೆ ಅದು ಅವನಿಗೆ ಮೈ ತುರಿಸಿದಷ್ಟು ಹಿತವಾಗಿದ್ದಿತೆಂದು ಅಲ್ಲಿ ಹೇಳಿದೆ. ಚಿಕ್ಕಂದಿನಿಂದ ನಾನು ಆ ಕಥೆಯನ್ನು ಕೇಳಿದ್ದೇನೆ. ಭಗವಂತನ ಬಲದ ವರ್ಣನೆಯೆಂದು ಎಷ್ಟೋ ಸಲ ಹೇಳಿಯೂ ಇದ್ದೇನೆ. ಆಮೆಯ ಬೆನ್ನಿಗೆ ಸ್ಪರ್ಶ ತಿಳಿಯುತ್ತದೆಂಬ ಮಾತು ಅದರಲ್ಲಿ ಅಡಗಿದ್ದುದು ನನಗೆ ಹೊಳೆದಿರಲಿಲ್ಲ. ಬರೆದ ಪುಣ್ಯಾತ್ಮ ಯಾವುದೋ ಕೊಳದ ದಂಡೆಯಲ್ಲಿ ಆಮೆಯೊಂದು ಬೇರಿಗೆ ಬೆನ್ನು ತಿಕ್ಕಿಕೊಳ್ಳುವುದನ್ನು ಕಂಡಿದ್ದನೋ ಏನೋ.

ಬೆಳಿಗ್ಗೆ ಕೂರ್ಮಯ್ಯ ಹಲಗೆಯ ಮೇಲೆ ಹತ್ತಿದಾಗ ನಾನು ಈಗ ಬೆರಳ ತುದಿಯಿಂದ ಮೆಲ್ಲಗೆ ಅವನ ಬೆನ್ನು ಕೆರೆಯುತ್ತೇನೆ. ಅವನು ಹಿಂಭಾಗವನ್ನು ಅತ್ತಿತ್ತ ಆಡಿಸುತ್ತಾನೆ. ಆಮೇಲೆ ಕೈಯಲ್ಲಿ ಎತ್ತಿ, ಮೊದಲು ಹೊಟ್ಟೆಯ ಕಡೆಯನ್ನು ನೋಡುತ್ತೇನೆ.